ಅವಾರ್ಡು: ಅರ್ಥವೂ ಅನರ್ಥವೂ

ಇಂಗ್ಲಿಷಿನಿಂದ ಕನ್ನಡದ ನಿತ್ಯವ್ಯವಹಾರಕ್ಕೆ ಬಂದು ನೆಲೆನಿಂತ ಶಬ್ದಗಳಲ್ಲಿ 'ಅವಾರ್ಡು' ಎಂಬುದೂ ಒಂದು. ಆದರೆ ಅದನ್ನು ಆದರದಿಂದ ಬರಮಾಡಿಕೊಂಡ ವಿದ್ಯಾವಂತರು ಅದರ ಅರ್ಥದ ಅರ್ಧಭಾಗವನ್ನು ಹೊಸ್ತಿಲಾಚೆಯೇ ನಿಲ್ಲಿಸಿಬಿಟ್ಟಿದ್ದಾರೆ.

ಫ್ರೆಂಚಿನ ಮಾರ್ಗವಾಗಿ ಇಂಗ್ಲಿಷನ್ನು ಸೇರಿದ ಈ ಶಬ್ದದ ಮೂಲದಲ್ಲಿರುವುದು 'ಲಕ್ಷ್ಯವಿಟ್ಟು ನೋಡುವುದು' ಎಂಬ ಭಾವ. ಹಾಗೆ ನೋಡಿ, ವಿಚಾರಿಸಿ ಪಂಚರು ಕೊಟ್ಟ ತೀರ್ಮಾನವೇ ಅವಾರ್ಡು. ಬಹುಮಾನಕ್ಕೆ ಆ ಹೆಸರು ಅಂಟಿಕೊಂಡುದು ಅನಂತರ. ನ್ಯಾಯದ ಭಾಷೆಯಲ್ಲಿ ಮೊದಲಿನ ಅರ್ಥವು ಇಂದಿಗೂ ಜೀವಂತವಾಗಿದೆ. 2007ರ ಫೆಬ್ರವರಿ 5ರಂದು ಕಾವೇರಿ ನ್ಯಾಯಮಂಡಳಿಯು ಕೊಟ್ಟ ಅವಾರ್ಡಿಗೆ ಕನ್ನಡದಲ್ಲಿ 'ಐತೀರ್ಪು' ಎಂಬ ಹೆಸರು ರೂಢವಾಯಿತು. ಜಮೀನು ಕಳೆದುಕೊಂಡ ರೈತನಿಗೆ ಪರಿಹಾರವನ್ನು ಗೊತ್ತುಮಾಡುವ ನಿರ್ಣಯವೂ ಅವಾರ್ಡೇ. 1996ರ ಮಧ್ಯಸ್ಥಿಕೆಯ ಕಾಯಿದೆಯಂತೂ, ಉಭಯಪಕ್ಷಗಳು ಬೇಡವೆಂದು ಒಪ್ಪಿಕೊಂಡ ಹೊರತು, ಅವಾರ್ಡಿನಲ್ಲಿ ಅದರ ಕಾರಣಗಳನ್ನು ಹೇಳತಕ್ಕದ್ದೆಂದು ತನ್ನ 31ನೆಯ ಕಲಮಿನಲ್ಲಿ ವಿಧಿಸಿದೆ.

ಇದಕ್ಕೆ ಪ್ರತಿಯಾಗಿ ಕನ್ನಡವು ಬಳಸುವ 'ಪ್ರಶಸ್ತಿ'ಯ ಕುಲವೇ ಬೇರೆ. ಪ್ರಶಸ್ತಿಯೆಂದರೆ ಹೊಗಳಿಕೆ. ಕ್ರಿ. ಶ. 634ರಲ್ಲಿ ರವಿಕೀರ್ತಿಯು ಐಹೊಳೆಯ ಶಾಸನದಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿದನು; ಕೊನೆಯಲ್ಲಿ ಕಾಳಿದಾಸ ಭಾರವಿಗಳ ಸಾಲಿನಲ್ಲಿ ತನ್ನನ್ನೂ ಕೂರಿಸಿಕೊಂಡನು. ಆಸ್ಥಾನಕವಿಗೆ ಅದು ಒಪ್ಪುವ ಮಾತು. ಅವನು ನ್ಯಾಯಪೀಠದಲ್ಲಿ ಕುಳಿತವನಲ್ಲವಷ್ಟೆ.

ಈಗ ನಡೆದಿರುವುದಾದರೂ ಏನು? ಹೆಸರು ತೀರ್ಪಿನದು, ನಡವಳಿಕೆ ಹೊಗಳಿಕೆಯದು. ಸಮಿತಿಯು ಸೇರುತ್ತದೆ, ಹೆಸರು ಹೊರಬೀಳುತ್ತದೆ, ಶಾಲು ಹಾರಗಳು ಬರುತ್ತವೆ, ಬಿನ್ನವತ್ತಳೆಯನ್ನು ಓದಲಾಗುತ್ತದೆ. ಈ ಗ್ರಂಥವೇ ಏಕೆ, ಎದುರಿದ್ದ ಇನ್ನೊಂದೇಕೆ ಅಲ್ಲ ಎಂಬುದಕ್ಕೆ ಉತ್ತರವು ಎಲ್ಲಿಯೂ ಇರುವುದಿಲ್ಲ. ವಿಶೇಷಣಗಳ ಸರಮಾಲೆಯನ್ನು ಕಾರಣವೆನ್ನಲಾದೀತೆ? ಸರಕಿನ ಬೆಲೆಯ ತಗಾದೆಯನ್ನು ತೀರಿಸುವ ಮಧ್ಯಸ್ಥನೇ ಕಾರಣವನ್ನು ಬರೆಯಬೇಕಾಗಿರುವಾಗ, ಒಂದು ಭಾಷೆಯಲ್ಲಿ ಶ್ರೇಷ್ಠವಾವುದೆಂದು ಸಾರುವ ಸಮಿತಿಯು ಮೌನದಿಂದಿರುವುದು ಯಾವ ನ್ಯಾಯ?

ರಸಾನುಭವಕ್ಕೆ ಕಾರಣವನ್ನು ಹೇಳಲಾಗದೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಕನ್ನಡದಲ್ಲಿ ಉಪಲಬ್ಧವಾದ ಗ್ರಂಥಗಳೊಳಗೆ ಅತ್ಯಂತ ಪ್ರಾಚೀನವಾದ 'ಕವಿರಾಜಮಾರ್ಗ'ವು ಕಾವ್ಯದ ಗುಣದೋಷಗಳನ್ನು ಉದಾಹರಣೆಗಳೊಡನೆ ವಿವೇಚಿಸಿದ ಲಕ್ಷಣಗ್ರಂಥವೇ ಆಗಿದೆ. ಒಂಬತ್ತನೆಯ ಶತಮಾನದಲ್ಲಿ ಸಾಧ್ಯವಾದುದು ಇಂದು ಅಸಾಧ್ಯವೆಂದರೆ, ಕೊರತೆಯಿರುವುದು ಭಾಷೆಯಲ್ಲಲ್ಲ, ಧೈರ್ಯದಲ್ಲಿ.

ಕಾರಣವಿಲ್ಲದ ಗೌರವದಿಂದ ಕೈಬಿಟ್ಟುಹೋದವನಿಗೆ ಮಾತ್ರವೇ ಅನ್ಯಾಯವಲ್ಲ; ಯೋಗ್ಯನಾಗಿ ಪಡೆದವನ ಮೇಲೂ ವಶೀಲಿಯ ಸಂಶಯವು ಬೀಳುತ್ತದೆ. ಓದುಗನಂತೂ ತಿಳಿಯಬೇಕಾದುದನ್ನು ತಿಳಿಯದೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ಆದುದರಿಂದ ಅವಾರ್ಡು ಕೊಡುವ ಸಂಸ್ಥೆಗಳು ಫಲಕದೊಡನೆ ಒಂದು ಪುಟದ ತೀರ್ಪನ್ನೂ ತೀರ್ಪುಗಾರರ ರುಜುವಿನೊಡನೆ ಪ್ರಕಟಿಸಲಿ. ಅದಾಗದಿದ್ದರೆ ಆ ಶಬ್ದವನ್ನು ನ್ಯಾಯಾಲಯಕ್ಕೇ ಬಿಟ್ಟುಕೊಟ್ಟು, ತಾವು ಮಾಡುತ್ತಿರುವುದು ಬರಿಯ ಹೊಗಳಿಕೆಯೆಂದು ಒಪ್ಪಿಕೊಳ್ಳಲಿ.