ಜರಡಿಯ ಕಣ್ಣಿಗೆ ಬೀಳದ ಕನ್ನಡ

ಕನ್ನಡದ ತರುಣ ಗೆಳೆಯರೇ,

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅಂಗಡಿಯ ಬೋರ್ಡಿನ ಮೇಲೆ ಕನ್ನಡ ಕಾಣದಿದ್ದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು! ಆದರೆ ನಿಮ್ಮ ಅಂಗೈಯ ಮೊಬೈಲಿನೊಳಗೂ ಬೋರ್ಡುಗಳಿವೆ. ಅಲ್ಲಿ ಕನ್ನಡ ಎಲ್ಲಿದೆ, ಹೇಗಿದೆ ಎಂದು ಎಂದಾದರೂ ನೋಡಿದ್ದೀರಾ?

ಡಿಜಿಟಲ್ ಗ್ರಂಥಾಲಯವನ್ನು ತೆರೆಯಿರಿ. ಪಕ್ಕದಲ್ಲೊಂದು ಪಟ್ಟಿ: ಭಾಷೆ, ವಿಷಯ, ಲೇಖಕ, ಪ್ರಕಾಶಕ, ಸ್ಥಳ, ವರ್ಷ. ಇವೇ ಫಿಲ್ಟರುಗಳು. ನಮ್ಮ ಮಾತಿನಲ್ಲಿ ಜರಡಿಗಳು. ಕ್ರೈಸ್ತ ಪುಸ್ತಕಗಳ ಡಿಜಿಟಲ್ ಭಂಡಾರಗಳಲ್ಲಿ ಈ ಜರಡಿಗೆ ಸಿಕ್ಕಿ ಕನ್ನಡ ಕಳೆದುಹೋಗುತ್ತಿದೆ.

"ಕ್ರೈಸ್ತರ ಪುಸ್ತಕದ ಗೊಡವೆ ನಮಗೇಕೆ?" ಎಂದು ಮೂಗು ಮುರಿಯುವ ಮಹಾಶಯರೇ, ಸ್ವಲ್ಪ ಕೇಳಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದವರೂ ಅವರೇ. ಶಬ್ದಮಣಿದರ್ಪಣವನ್ನು 1872ರಲ್ಲಿ, ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟವರು ಕಿಟ್ಟೆಲ್. ಇದು ಬರೀ ಚರ್ಚಿನ ಆಸ್ತಿಯೇ? ಅಲ್ಲ, ಕನ್ನಡಿಗರೆಲ್ಲರ ಆಸ್ತಿ. ಬೆಂಗಳೂರಿನ ಚರ್ಚುಗಳಲ್ಲಿ ಪೂಜೆ ಕನ್ನಡದಲ್ಲಾಗಲಿ ಎಂದು ದಶಕಗಳ ಕಾಲ ಹೋರಾಡಿದ ಕನ್ನಡ ಕ್ರೈಸ್ತ ಬಂಧುಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಜರಡಿಯ ಗುಟ್ಟು ತಿಳಿಯಿರಿ. ಫಿಲ್ಟರು ಪುಸ್ತಕ ಓದುವುದಿಲ್ಲ. ಪುಸ್ತಕಕ್ಕೆ ಯಾರೋ ಅಂಟಿಸಿದ ಚೀಟಿಯನ್ನಷ್ಟೇ ಓದುತ್ತದೆ. ಚೀಟಿಯಲ್ಲಿ ಭಾಷೆಯ ಜಾಗ ಖಾಲಿ ಬಿಟ್ಟಿದ್ದರೆ, ಪುಸ್ತಕದ ತುಂಬ ಕನ್ನಡವೇ ಇದ್ದರೂ 'ಕನ್ನಡ' ಎಂದು ಒತ್ತಿದಾಗ ಅದು ಬರುವುದಿಲ್ಲ. ಒಂದರ ಮೇಲೊಂದು ಫಿಲ್ಟರ್ ಒತ್ತಿದರೆ ಎಲ್ಲದರಲ್ಲೂ ಪಾಸಾದ ಪುಸ್ತಕ ಮಾತ್ರ ಉಳಿಯುತ್ತದೆ. ಒಂದು ಚೀಟಿ ತಪ್ಪಿದರೂ ಪುಸ್ತಕ ಮಾಯ!

ಚೀಟಿ ಬರೆದವರಾದರೂ ನಮ್ಮ ನುಡಿಯನ್ನು ಒಂದೇ ಹೆಸರಿನಿಂದ ಕರೆದರೇ? 1817ರಲ್ಲಿ ವಿಲಿಯಂ ಕೇರಿಯ ವ್ಯಾಕರಣದಲ್ಲಿ ಅದು 'ಕುರ್ನಾಟ'. 1832ರಲ್ಲಿ ರೀವ್ ನಿಘಂಟಿನಲ್ಲಿ 'ಕರ್ನಾಟಕ'. ಬ್ರಿಟಿಷರ ಪಟ್ಟಿಗಳಲ್ಲಿ 'ಕೆನರೀಸ್', ಅದೂ ಒಮ್ಮೆ 'ಸಿ' ಅಕ್ಷರದಿಂದ, ಇನ್ನೊಮ್ಮೆ 'ಕೆ' ಅಕ್ಷರದಿಂದ. ಕಿಟ್ಟೆಲ್ ನಿಘಂಟಿನ ಮುಖಪುಟದಲ್ಲಿ 'ಕನ್ನಡ'. ಇವೆಲ್ಲ ಒಂದೇ ಎಂದು ಯಂತ್ರಕ್ಕೆ ಹೇಳಿಕೊಡುವವರು ಯಾರು? ಊರಿನ ಹೆಸರಿಗೂ ಇದೇ ಗತಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅಧಿಕೃತವಾಗಿ ಮಂಗಳೂರು, ಬೆಂಗಳೂರು ಎಂದಾಯಿತು. ಹಳೆಯ ಚೀಟಿಗಳು ಇನ್ನೂ ಮ್ಯಾಂಗಲೋರಿನಲ್ಲೇ ಇವೆ!

ಲಿಪಿಯ ಕಥೆ ಇನ್ನೊಂದು. 1847ರಲ್ಲಿ ಬಂದ ತುಳು ಹೊಸ ಒಡಂಬಡಿಕೆ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಭಾಷೆಯ ಫಿಲ್ಟರಿನಲ್ಲಿ 'ಕನ್ನಡ' ಒತ್ತಿದರೆ ಅದು ಸಿಗಬಾರದು, ಸರಿಯೇ. ತುಳು ತುಳುವೇ. ಆದರೆ ಕನ್ನಡ ಲಿಪಿಯ ಮುದ್ರಣದ ಚರಿತ್ರೆ ಹುಡುಕುವವನಿಗೆ ಲಿಪಿಯದೇ ಒಂದು ಫಿಲ್ಟರ್ ಬೇಡವೇ?

ಇನ್ನು ವಿಷಯದ ಫಿಲ್ಟರು. 'ಕ್ರೈಸ್ತಧರ್ಮ' ಒತ್ತಿದರೆ ಬೈಬಲ್ಲು, ಪ್ರಾರ್ಥನೆ, ಕೀರ್ತನೆ ಬರುತ್ತವೆ. ಅದೇ ಅಚ್ಚುಕೂಟದ ಬಸವಪುರಾಣ, ನಿಘಂಟು ಬೇರೆ ಕಪಾಟಿಗೆ ಹೋಗುತ್ತವೆ. ಅಮೆರಿಕದ ಡ್ಯೂಯಿ 1876ರಲ್ಲಿ ಹೊರಡಿಸಿದ ವರ್ಗೀಕರಣವನ್ನೇ ನೋಡಿ: ಇಂಗ್ಲಿಷ್ ಭಾಷೆಗೆ 420 ಎಂಬ ದುಂಡು ಸಂಖ್ಯೆ. ಕನ್ನಡಕ್ಕೆ? 494.814! ಎರಡು ಸಾವಿರ ವರ್ಷಗಳ ನುಡಿಗೆ ಚುಕ್ಕಿಯ ಹಿಂದಿನ ಮೂಲೆ. ಆದ್ದರಿಂದ ವಿಷಯವೊಂದನ್ನೇ ನಂಬಬೇಡಿ. ಪ್ರಕಾಶಕ ಎಂಬಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯವನ್ನು ಒತ್ತಿ, ವರ್ಷದ ಮಿತಿ ಹಾಕಿ ನೋಡಿ.

"ಸರ್ಚ್ ಮಾಡಿದರಾಯಿತು, ಫಿಲ್ಟರ್ ಯಾಕೆ?" ಎನ್ನುವ ಜಾಣರಿದ್ದಾರೆ. ಪುಸ್ತಕದ ಹೆಸರು ಗೊತ್ತಿದ್ದವನಿಗೆ ಸರ್ಚು ಸಾಕು. ಏನಿದೆ ಎಂದೇ ಗೊತ್ತಿಲ್ಲದ ಬಿಟಿಎಂ ಲೇಔಟಿನ ವಿದ್ಯಾರ್ಥಿಗೆ ದಾರಿ ತೋರಿಸಬೇಕಾದದ್ದು ಫಿಲ್ಟರೇ. ಅಲ್ಲಿ ಕನ್ನಡ ಕಾಣದಿದ್ದರೆ ಕನ್ನಡದಲ್ಲಿ ಏನೂ ಇಲ್ಲವೆಂದೇ ಅವನು ತಿಳಿಯುತ್ತಾನೆ. ಆ ಸುಳ್ಳು ಹಬ್ಬಲು ಬಿಡಬೇಕೇ?

ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಹರ್ಮನ್ ಗುಂಡರ್ಟರ ಸಂಗ್ರಹವನ್ನು 2018ರಲ್ಲಿ ಲೋಕಕ್ಕೆ ತೆರೆದಿಟ್ಟಿತು. ಅಲ್ಲಿ ಮಲಯಾಳದ ಜೊತೆ ಕನ್ನಡ, ತುಳು ಪುಸ್ತಕಗಳೂ ಇವೆ. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ನಮ್ಮದೇ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜುಗಳ ಪತ್ರಾಗಾರಗಳಲ್ಲೂ ಇಂಥ ಸಂಪತ್ತಿದೆ.

ನಮ್ಮ ಹಕ್ಕೊತ್ತಾಯ ಸ್ಪಷ್ಟ. ಯಾವ ಡಿಜಿಟಲ್ ಗ್ರಂಥಾಲಯವೇ ಆಗಲಿ, ಕರ್ನಾಟಕದ ಪುಸ್ತಕ ಇಟ್ಟಮೇಲೆ ಭಾಷೆಯ ಫಿಲ್ಟರಿನಲ್ಲಿ 'ಕನ್ನಡ' ಎಂದು ಕನ್ನಡ ಲಿಪಿಯಲ್ಲೇ ಬರೆಯಬೇಕು. ಹಳೆಯ ಹೆಸರುಗಳನ್ನೆಲ್ಲ ಅದರೊಳಗೆ ಸೇರಿಸಬೇಕು. ಪುಸ್ತಕದ ಹೆಸರು ಮುರುಕು ರೋಮನ್ ಅಕ್ಷರದಲ್ಲಿ ಮಾತ್ರವಲ್ಲ, ಕನ್ನಡದಲ್ಲೂ ಇರಬೇಕು. ಲಿಪಿಗೆ ಪ್ರತ್ಯೇಕ ಫಿಲ್ಟರ್ ಬೇಕು.

ಬರೀ ಒತ್ತಾಯ ಸಾಲದು, ಕೈಯೂ ಕೆಸರಾಗಬೇಕು. ಓಪನ್ ಲೈಬ್ರರಿಯ ಚೀಟಿಗಳನ್ನು ಯಾರು ಬೇಕಾದರೂ ತಿದ್ದಬಹುದು. ಕನ್ನಡ ವಿಕಿಸೋರ್ಸಿನಲ್ಲೂ ಎಲ್ಲರಿಗೂ ಕೆಲಸವಿದೆ. ಬನಶಂಕರಿಯ, ಜೆ.ಪಿ. ನಗರದ ಗೆಳೆಯರೇ, ಭಾನುವಾರ ಒಂದು ಗಂಟೆ ಕೊಡಿ. ಖಾಲಿ ಬಿದ್ದಿರುವ ಭಾಷೆಯ ಜಾಗದಲ್ಲಿ 'ಕನ್ನಡ' ಎಂದು ತುಂಬಿ. ತಪ್ಪಿದ್ದರೆ ಗ್ರಂಥಾಲಯಕ್ಕೆ ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ಉತ್ತರ ಬರುವವರೆಗೂ ಬಿಡಬೇಡಿ!

ಸಿರಿಗನ್ನಡಂ ಗೆಲ್ಗೆ!