ರೋಗಿಯನ್ನು ನೋಡಲು ಹೋಗುವ ಮುನ್ನ

ಭದ್ರಾವತಿಯ ನ್ಯೂ ಟೌನಿನಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆಂಬ ಸುದ್ದಿ ಬೀದಿಯಿಂದ ಬೀದಿಗೆ ಹರಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಕಾರ್ಖಾನೆಯಲ್ಲಿ ಜೊತೆಗೆ ದುಡಿದವರು, ಕ್ವಾರ್ಟರ್ಸಿನ ನೆರೆಹೊರೆಯವರು, ಎಲ್ಲರೂ ಎಳನೀರು, ಕಿತ್ತಳೆ ಹಿಡಿದು ಹೊರಟೇಬಿಡುತ್ತಾರೆ. ಅಲ್ಲಿಯೇ ನೆಲೆಸಿರುವ ನನ್ನ ಸೋದರಮಾವನವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾದಾಗ ನಾನೂ ಹಾಗೆಯೇ ಹೋದೆ. ಪಕ್ಕದ ಹಾಸಿಗೆಯ ಮುದುಕರನ್ನು ಎತ್ತಿ ಕೂರಿಸಿ ನೀರು ಕುಡಿಸಿದೆ, ಅದೇ ಕೈಯಿಂದ ಮಾವನವರ ಮಂಡಿಯ ಪಟ್ಟಿಯನ್ನು ಮುಟ್ಟಿ, “ನೋವು ಹೇಗಿದೆ, ಮಾವ?” ಎಂದು ವಿಚಾರಿಸಿದೆ.

ವಾರ ಕಳೆಯುವಷ್ಟರಲ್ಲಿ ಗಾಯ ಕೀವುಗಟ್ಟಿತು. ಮೊದಲು ಕೊಟ್ಟ ಔಷಧ ನಾಟಲಿಲ್ಲ; ಎರಡನೆಯದೂ ನಾಟಲಿಲ್ಲ. ಮೂರನೆಯದು ಗುಣ ತೋರುವ ವೇಳೆಗೆ ಮಾವನವರು ಅರ್ಧ ಇಳಿದುಹೋಗಿದ್ದರು, ಅತ್ತೆಯವರ ಬಳೆಗಳು ಒತ್ತೆ ಬಿದ್ದಿದ್ದವು. ನನ್ನ ಕೈಯೇ ಕಾರಣವೆಂದು ಯಾರೂ ಹೇಳಲಿಲ್ಲ. ಅಲ್ಲವೆಂದು ಹೇಳುವ ಧೈರ್ಯ ನನಗೂ ಇಲ್ಲ.

ಔಷಧ ನಾಟದಿರುವುದೇಕೆ? ಪ್ರತಿಜೀವಕ ಔಷಧವು ದುರ್ಬಲ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಅದನ್ನು ತಾಳಿಕೊಂಡ ಕೆಲವು ಉಳಿದು, ತಮ್ಮಂತಹವನ್ನೇ ಬೆಳೆಸುತ್ತವೆ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗರೇ, 1945ರ ನೊಬೆಲ್ ಉಪನ್ಯಾಸದಲ್ಲಿ ಈ ಅಪಾಯದ ಎಚ್ಚರಿಕೆ ಕೊಟ್ಟಿದ್ದರು. ಪೆನಿಸಿಲಿನ್ನಿಗೆ ಬಗ್ಗದ ಕ್ರಿಮಿಗಳಿಗೆಂದೇ ಮೆಥಿಸಿಲಿನ್ ಬಂದಿತು. 1961ರ ಹೊತ್ತಿಗಾಗಲೇ ಅದಕ್ಕೂ ಬಗ್ಗದ ಕ್ರಿಮಿಗಳು ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡವು. 2019ರ ಒಂದೇ ವರ್ಷದಲ್ಲಿ ಇಂತಹ ಸೋಂಕುಗಳು ನೇರವಾಗಿ ಸುಮಾರು 12.7 ಲಕ್ಷ ಜೀವಗಳನ್ನು ಬಲಿ ತೆಗೆದುಕೊಂಡವೆಂದು ತಜ್ಞರ ಅಂದಾಜು.

ಆಸ್ಪತ್ರೆ ಇವುಗಳಿಗೆ ಅನುಕೂಲವಾದ ಬೀಡು. ಅಲ್ಲಿ ಔಷಧದ ಬಳಕೆ ಹೆಚ್ಚು, ರೋಗಿಗಳ ಶಕ್ತಿ ಕಡಿಮೆ, ಗಾಯಗಳು ಮತ್ತು ನಳಿಕೆಗಳು ಕ್ರಿಮಿಗಳಿಗೆ ತೆರೆದ ಬಾಗಿಲು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಅವುಗಳನ್ನು ಒಯ್ಯುವ ವಾಹನ ಬಹುಮಟ್ಟಿಗೆ ಮನುಷ್ಯರ ಕೈ. ವೈದ್ಯರ ಕೈ, ದಾದಿಯರ ಕೈ, ಪ್ರೀತಿಯಿಂದ ನೋಡಹೋದ ನಮ್ಮ ಕೈ.

ಹಾಗಾದರೆ ನಾವು ಮಾಡಬೇಕಾದುದೇನು? ರೋಗಿಯನ್ನು ಮುಟ್ಟುವ ಮೊದಲೂ ಅನಂತರವೂ ಸೋಪಿನಿಂದ ಕೈ ತೊಳೆಯುವುದು, ಹಾಸಿಗೆಯ ಮೇಲೆ ಕೂರದಿರುವುದು, ಪಟ್ಟಿಯನ್ನು ಮುಟ್ಟದಿರುವುದು. ಮನೆಯಲ್ಲಿ ಮಗುವಿಗೆ ನೆಗಡಿಯಾಯಿತೆಂದು ಅಂಗಡಿಯಿಂದ ಪ್ರತಿಜೀವಕ ತಂದು ನುಂಗಿಸಬಾರದು. ನೆಗಡಿ ವೈರಸ್ಸಿನ ಕೆಲಸ, ಅದರ ಮೇಲೆ ಈ ಔಷಧದ ಆಟ ನಡೆಯದು. ಹೋದ ತಿಂಗಳು ಉಳಿದ ಮಾತ್ರೆಯನ್ನು ಈ ತಿಂಗಳ ಜ್ವರಕ್ಕೆ ಬಳಸುವ ಮಿತವ್ಯಯವೂ ಬೇಡ. ವೈದ್ಯರು ಬರೆದುಕೊಟ್ಟಾಗ ಮಾತ್ರ, ಅವರು ಹೇಳಿದಷ್ಟು, ಹೇಳಿದಷ್ಟು ದಿನ ತೆಗೆದುಕೊಳ್ಳೋಣ.

ಮಾವನವರು ಈಗ ಕೋಲೂರಿ ನಡೆಯುತ್ತಾರೆ. ಮೊನ್ನೆ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಜೊತೆಯಲ್ಲಿ ಹೋಗಿದ್ದೆವು. ನಾನು ಮಗುವಿನತ್ತ ಕೈ ಚಾಚಿದ್ದೇ ತಡ, ಅವರು ಕೋಲಿನಿಂದ ನಲ್ಲಿಯ ಕಡೆಗೆ ತೋರಿಸಿದರು.

“ಮೊದಲು ಅಲ್ಲಿಗೆ ಹೋಗಿ ಬಾರಯ್ಯ. ಯೋಗಕ್ಷೇಮ ಆಮೇಲೆ.”