‘ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ’ ಅನ್ನೋದು ಉತ್ತರವಲ್ಲ

ಬೆಳೆ ಪರಿಹಾರ ಬಂದಿಲ್ಲ ಅಂತ ಕೇಳಲು ಹೋದರೆ, "ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ." ವಿಮೆ ಯಾಕೆ ತಿರಸ್ಕಾರವಾಯ್ತು ಅಂತ ಕೇಳಿದರೆ, "ಸಿಸ್ಟಮ್‌ನಲ್ಲಿ ಹಾಗೆ ಬಂದಿದೆ." ನಮ್ಮ ಹಟ್ಟಿಯ ಹೆಸರೇ ಪಟ್ಟಿಯಲ್ಲಿಲ್ಲವಲ್ಲ ಅಂದರೆ, "ಅದು ಮೇಲಿಂದ ಬರಬೇಕು, ನಮ್ಮ ಕೈಯಲ್ಲಿಲ್ಲ."

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಓಡಾಡುವ ನಮಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸಿಸ್ಟಮ್ ಅನ್ನುವುದು ಮಳೆಯಲ್ಲ, ಗ್ರಹಣವಲ್ಲ. ಮನುಷ್ಯರು ಕೂತು ಮಾಡಿದ್ದು. ಅದರಲ್ಲಿ ನಿಮ್ಮೂರು ಕಾಣದಿದ್ದರೆ ಯಾರೋ ಎಲ್ಲೋ ಎರಡು ಪಟ್ಟಿಗಳನ್ನು ಸರಿಯಾಗಿ ಜೋಡಿಸಿಲ್ಲ ಅಂತ ಅರ್ಥ. ಈ ಬರಹ ಆ ಜೋಡಣೆಯ ಬಗ್ಗೆ.

ಮೊದಲು ನಮ್ಮದೇ ತಪ್ಪು ಹೇಳಿಬಿಡುತ್ತೇವೆ. ನಾವೊಮ್ಮೆ ಮೂರು ತಾಲ್ಲೂಕುಗಳ ಹಳ್ಳಿವಾರು ನಕ್ಷೆ ಮಾಡಲು ಕೂತೆವು. ಒಂದು ಕಡೆ ಇಲಾಖೆಯೊಂದರ ಎಕ್ಸೆಲ್ ಪಟ್ಟಿ, ಇನ್ನೊಂದು ಕಡೆ ಹಳ್ಳಿಗಳ ಗಡಿ ಇರುವ ನಕ್ಷೆ. ಎರಡನ್ನೂ ಊರಿನ ಹೆಸರಿನ ಮೇಲೆ ಜೋಡಿಸಿದೆವು. ನಕ್ಷೆ ಬಣ್ಣ ಬಣ್ಣವಾಗಿ ಬಂತು. ಖುಷಿಯಿಂದ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸಿದೆವು. ಸ್ವಲ್ಪ ಹೊತ್ತಿಗೆ ಶಿವನಿ ಕಡೆಯಿಂದ ಒಬ್ಬರು ಕೇಳಿದರು: "ನಮ್ಮೂರು ಬೆಳ್ಳಗೆ ಇದೆಯಲ್ಲ, ನಾವು ಬದುಕಿಲ್ವಾ?" ನೋಡಿದರೆ ಅವರೂರು ಒಂದೇ ಅಲ್ಲ, ಎಷ್ಟೋ ಊರುಗಳು ಬೆಳ್ಳಗಿದ್ದವು. ನಮ್ಮ ಪಟ್ಟಿ ಅಜ್ಜಂಪುರ ತಾಲ್ಲೂಕು ಅನ್ನುತ್ತಿತ್ತು, ನಮ್ಮ ನಕ್ಷೆಗೆ ಅಜ್ಜಂಪುರ ತಾಲ್ಲೂಕು ಅನ್ನುವುದೇ ಗೊತ್ತಿರಲಿಲ್ಲ. ಸಾಫ್ಟ್‌ವೇರ್ ತಪ್ಪು ಅಂತ ಒಂದು ಮಾತೂ ಹೇಳಲಿಲ್ಲ. ಹೊಂದದ ಊರುಗಳನ್ನು ಸುಮ್ಮನೆ ಬಿಟ್ಟು ಮುಂದೆ ಹೋಗಿತ್ತು.

ನಮ್ಮ ತಪ್ಪಿನಿಂದ ಯಾರ ದುಡ್ಡೂ ಹೋಗಲಿಲ್ಲ. ಕ್ಷಮೆ ಕೇಳಿ ನಕ್ಷೆ ತಿದ್ದಿದೆವು. ಆದರೆ ಇದೇ ತಪ್ಪು ಪರಿಹಾರದ ಪಟ್ಟಿಯಲ್ಲಿ ಆದರೆ?

ಜೋಡಣೆ ಅಂದರೆ ಏನು ಅಂತ ತಿಳಿಯಲು ಕಂಪ್ಯೂಟರ್ ಬೇಡ. ಮದುವೆ ಮುಗಿದ ಮೇಲೆ ಮುಯ್ಯಿ ಪುಸ್ತಕ ಹಿಡಿದು ಕೂರುತ್ತೀರಲ್ಲ, ಅದೇ. ಒಂದು ಕಡೆ ಕರೆದವರ ಪಟ್ಟಿ, ಇನ್ನೊಂದು ಕಡೆ ಮುಯ್ಯಿ ಪಟ್ಟಿ. ಒಂದರಲ್ಲಿ ‘ಕೆಳಗಲಮನೆ ತಮ್ಮಯ್ಯ’, ಇನ್ನೊಂದರಲ್ಲಿ ‘ಕೆ. ತಮ್ಮಯ್ಯ’. ಮನೆಯ ಹಿರಿಯರು "ಇಬ್ಬರೂ ಒಬ್ಬರೇ ಕಣೋ" ಅನ್ನುತ್ತಾರೆ. ಕಂಪ್ಯೂಟರ್‌ಗೆ ಆ ಹಿರಿಯರಿಲ್ಲ. ಒಂದಕ್ಷರ ಬೇರೆಯಾದರೂ ಅದಕ್ಕೆ ಇಬ್ಬರೂ ಬೇರೆಯೇ.

ನಮ್ಮ ಸೀಮೆಯಲ್ಲಿ ಹೆಸರು ಒಂದೇ ರೀತಿ ನಿಂತದ್ದೇ ಇಲ್ಲ. ಇವತ್ತಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಅಂತಲೇ ಹೆಸರು. ಹಳೆಯ ದಾಖಲೆಯಲ್ಲಿ ಕಡೂರು ಅಂತಿದ್ದರೆ ಅದು ತಾಲ್ಲೂಕೋ, ಇಡೀ ಜಿಲ್ಲೆಯೋ ನೋಡಿಕೊಳ್ಳಬೇಕು. 2014ರ ನವೆಂಬರ್ 1ರಂದು ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ಅದರ ಹಿಂದಿನ ಪಟ್ಟಿಯಲ್ಲಿ ಒಂದು ಸ್ಪೆಲಿಂಗ್, ಮುಂದಿನದರಲ್ಲಿ ಇನ್ನೊಂದು. 2011ರ ಜನಗಣತಿಯಲ್ಲಿ ಜಿಲ್ಲೆಗೆ ಏಳೇ ತಾಲ್ಲೂಕು, ಅಜ್ಜಂಪುರ ಆಗ ತರೀಕೆರೆಯೊಳಗೆ. 2017-18ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲ್ಲೂಕು ಘೋಷಣೆಯಾಗಿ 2018ರಿಂದ ಅದು ಬೇರೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, ಈಗ 2027ಕ್ಕೆ ನಿಗದಿಯಾಗಿದೆ. ಅಲ್ಲಿವರೆಗೆ ನಮ್ಮ ಜನಸಂಖ್ಯೆಯ ಲೆಕ್ಕವೆಲ್ಲ 2011ರದೇ. ಅಂದರೆ ಹಳೇ ತರೀಕೆರೆಯ ಲೆಕ್ಕವನ್ನು ಹೊಸ ಅಜ್ಜಂಪುರಕ್ಕೆ ಪ್ರತಿ ಸಲ ಯಾರೋ ಕೂತು ಒಡೆಯಬೇಕು.

ಚುನಾವಣೆಯ ಗಡಿ ಇನ್ನೂ ಬೇರೆ. ಕಡೂರಿನವರು ಲೋಕಸಭೆಗೆ ಹಾಸನ ಕ್ಷೇತ್ರದಲ್ಲಿ ಮತ ಹಾಕುತ್ತಾರೆ. ತರೀಕೆರೆ, ಅಜ್ಜಂಪುರದವರು ಉಡುಪಿ-ಚಿಕ್ಕಮಗಳೂರಿನಲ್ಲಿ. ಅಕ್ಕಪಕ್ಕದ ಊರು, ಜಿಲ್ಲೆ ಒಂದೇ, ಸಂಸದರು ಬೇರೆ. ಯಾವ ನಕ್ಷೆಗೆ ಯಾವ ಪಟ್ಟಿ ಅಂತ ನೋಡದೆ ಜೋಡಿಸಿದರೆ ಕಡೂರು ಹಾಸನ ಜಿಲ್ಲೆಯೊಳಗೆ ಹೋಗಿ ಕೂರುತ್ತದೆ.

ಹೆಸರಿನ ಪಾಡು ಹೀಗಾದರೆ ಅಂಕಿಯ ಪಾಡು ಇನ್ನೂ ಕೆಟ್ಟದು.

ನಿಮ್ಮ ಪಹಣಿ ತೆಗೆದು ನೋಡಿ. ವಿಸ್ತೀರ್ಣ 1.30 ಅಂತಿದ್ದರೆ ಅದು ಒಂದು ಎಕರೆ ಮೂವತ್ತು ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಒಂದೂ ಮುಕ್ಕಾಲು ಎಕರೆ. ಅದೇ 1.30 ಅನ್ನು ಎಕ್ಸೆಲ್‌ಗೆ ಹಾಕಿದರೆ ಅದು ಒಂದು ಪಾಯಿಂಟ್ ಮೂರು ಎಕರೆ ಅಂತ ಓದಿಕೊಳ್ಳುತ್ತದೆ. ಅಂಥ ಎರಡು ಹೊಲ ಇದ್ದರೆ ನಿಜವಾದ ಲೆಕ್ಕ ಮೂರೂವರೆ ಎಕರೆ, ಕಂಪ್ಯೂಟರಿನ ಲೆಕ್ಕ 2.60. ಮುಕ್ಕಾಲು ಎಕರೆಗಿಂತ ಜಾಸ್ತಿ ಭೂಮಿ ಯಾರೂ ಒತ್ತುವರಿ ಮಾಡದೆಯೇ ಮಾಯ! 2022ರಿಂದ ಜಾರಿಗೆ ಬಂದ ವಿಪತ್ತು ಪರಿಹಾರದ ದರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್ ಮಿತಿ. ಆ ಲೆಕ್ಕದಲ್ಲಿ ಮೂರೂವರೆ ಎಕರೆಗೆ ಸುಮಾರು 12,040 ರೂಪಾಯಿ, 2.60 ಎಕರೆಗೆ ಸುಮಾರು 8,940. ಒಂದು ಚುಕ್ಕೆಗೆ 3,100 ರೂಪಾಯಿ. ರಾಗಿ ಬಿತ್ತನೆಯ ಹೊತ್ತಿಗೆ ಅದು ಸಣ್ಣ ಮೊತ್ತವಲ್ಲ.

ಸರ್ವೆ ನಂಬರಿನದು ಇನ್ನೊಂದು ಕತೆ. 12/3 ಅಂತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಅಂತ ತಿಳಿದು ಮಾರ್ಚ್ 12 ಮಾಡಿಬಿಡುತ್ತದೆ. ‘07’ ಅಂತ ಇದ್ದ ಕೋಡ್ ಮುಂದಿನ ಸೊನ್ನೆ ಕಳೆದುಕೊಂಡು ‘7’ ಆಗುತ್ತದೆ. ಇದು ನಮ್ಮ ಹಳ್ಳಿಯ ಆಪರೇಟರ್ ಹುಡುಗರ ದಡ್ಡತನ ಅಂದುಕೊಳ್ಳಬೇಡಿ. ದೊಡ್ಡ ದೊಡ್ಡ ವಿಜ್ಞಾನಿಗಳ ಪಟ್ಟಿಗಳಲ್ಲೂ ಎಕ್ಸೆಲ್ ಜೀನ್‌ಗಳ ಹೆಸರನ್ನು ತಾರೀಖು ಮಾಡುತ್ತಿತ್ತು. ಕಡೆಗೆ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಿಸಿದರು. ವಿಜ್ಞಾನಿಗಳು ಹೆಸರು ಬದಲಿಸಬಹುದು. ನಾವು ಹೊಲದ ಸರ್ವೆ ನಂಬರ್ ಬದಲಿಸಲು ಆಗುತ್ತದೆಯೇ?

ಕನ್ನಡ ಅಕ್ಷರಕ್ಕೂ ಕಷ್ಟ ತಪ್ಪಿದ್ದಲ್ಲ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಯೂನಿಕೋಡ್ ಅಲ್ಲ. ಪರಿವರ್ತನೆ ಮಾಡದೆ ತೆರೆದರೆ ಊರಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ನಕ್ಷೆಗೆ ಹೆಚ್ಚಾಗಿ ಬಳಸುವ ಶೇಪ್‌ಫೈಲ್ ಅನ್ನುವ ಮಾದರಿಯಲ್ಲಿ ಕಾಲಂ ಹೆಸರಿಗೆ ಹತ್ತೇ ಅಕ್ಷರದ ಜಾಗ. ಅದೂ ಇಂಗ್ಲಿಷ್ ಲೆಕ್ಕದಲ್ಲಿ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರರ ಜಾಗ ಬೇಕು. ಅಜ್ಜಂಪುರ ಅಂತ ಬರೆಯಲು 24 ಬೇಕು.

ಇನ್ನು ನಕ್ಷೆ. ಕಡೂರು ಇರುವುದು ಸುಮಾರು 13.5 ಡಿಗ್ರಿ ಅಕ್ಷಾಂಶ, 76 ಡಿಗ್ರಿ ರೇಖಾಂಶದಲ್ಲಿ. ಈ ಎರಡು ಕಾಲಂ ಅದಲು ಬದಲಾದರೆ ಕಡೂರು ನಾರ್ವೆ ದೇಶದಾಚೆ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ತೇಲುತ್ತದೆ. ಇಂಥ ತಪ್ಪು ಒಳ್ಳೆಯದು, ನೋಡಿದ ತಕ್ಷಣ ನಗು ಬಂದು ತಿದ್ದುತ್ತೇವೆ. ಕೆಟ್ಟದ್ದು ಸಣ್ಣ ತಪ್ಪು. ಹಳೆಯ ಭಾರತೀಯ ನಕ್ಷೆಗಳ ಅಳತೆಯ ಆಧಾರ ಬೇರೆ, ಇವತ್ತಿನ ಜಿಪಿಎಸ್ ಆಧಾರ ಬೇರೆ. ಸರಿಯಾಗಿ ಪರಿವರ್ತಿಸದೆ ಇಟ್ಟರೆ ನಕ್ಷೆ ನೂರು ಮೀಟರ್ ಆಸುಪಾಸು ಸರಿಯುತ್ತದೆ. ಚೌಕಾಕಾರದ ಒಂದು ಎಕರೆಯ ಒಂದು ಬದಿ ಸುಮಾರು 64 ಮೀಟರ್. ಅಂದರೆ ನಿಮ್ಮ ಒಂದೆಕರೆ ಪೂರ್ತಿ ಪಕ್ಕದವರ ಹೊಲದಲ್ಲಿ! ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದೊಳಗೆ ನಿಂತು ಫೋಟೋ ತೆಗೆಯಬೇಕು. ನಕ್ಷೆ ಸರಿದಿದ್ದರೆ ನಿಮ್ಮ ಈರುಳ್ಳಿ ಪಕ್ಕದವರ ಹೆಸರಿಗೆ, ಅವರ ತೆಂಗು ನಿಮ್ಮ ಹೆಸರಿಗೆ. ಮುಂದೆ ವಿಮೆಯ ಅರ್ಜಿಯನ್ನೂ ಬೆಳೆ ಸಮೀಕ್ಷೆಯನ್ನೂ ಸರ್ವೆ ನಂಬರ್ ಮೇಲೆ ಜೋಡಿಸುತ್ತಾರೆ. ಬೆಳೆ ಹೊಂದುತ್ತಿಲ್ಲ ಅಂತ ಅರ್ಜಿ ತಿರಸ್ಕಾರ.

ಇವೆಲ್ಲಕ್ಕಿಂತ ನಮಗೆ ಸಿಟ್ಟು ಬರುವುದು ಹಟ್ಟಿ, ತಾಂಡಾಗಳ ವಿಷಯದಲ್ಲಿ. ಮೂರೂ ತಾಲ್ಲೂಕುಗಳಲ್ಲಿ ಗೊಲ್ಲರಹಟ್ಟಿಗಳಿವೆ, ಲಂಬಾಣಿ ತಾಂಡಾಗಳಿವೆ. ಇವುಗಳಲ್ಲಿ ಕಂದಾಯ ಗ್ರಾಮ ಆಗದೇ ಉಳಿದವಕ್ಕೆ ಸ್ವಂತ ಕೋಡ್ ಇಲ್ಲ, ನಕ್ಷೆಯಲ್ಲಿ ಗಡಿ ಇಲ್ಲ. ಅಲ್ಲಿನ ನೀರಿನ ತಾಪತ್ರಯ ದೊಡ್ಡೂರಿನ ಸರಾಸರಿಯಲ್ಲಿ ಕರಗಿಹೋಗುತ್ತದೆ. ದೊಡ್ಡೂರಿನ ಟ್ಯಾಂಕ್ ತುಂಬಿದರೆ ಹಟ್ಟಿಗೂ ನೀರು ಬಂತು ಅಂತ ನಕ್ಷೆ ನೀಲಿ ಬಣ್ಣ ತೋರಿಸುತ್ತದೆ. ಕಾನೂನು ತಿದ್ದುಪಡಿಯಾಗಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ದೊಡ್ಡ ಸಮಾರಂಭ ಮಾಡಿ ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ಕೊಟ್ಟದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಹಕ್ಕುಪತ್ರ ಕೊಟ್ಟರೆ ಸಾಲದು. ಪ್ರತಿ ಪಟ್ಟಿಯಲ್ಲೂ ಆ ಹಟ್ಟಿಗೆ ಒಂದು ಸಾಲು, ಪ್ರತಿ ನಕ್ಷೆಯಲ್ಲೂ ಒಂದು ಚುಕ್ಕೆ ಬೇಕು.

ನಾವು ಕಂಪ್ಯೂಟರ್ ಬೇಡ ಅನ್ನುವವರಲ್ಲ. ಭೂಮಿ ಯೋಜನೆ ಬಂದ ಮೇಲೆ ಪಹಣಿಗಾಗಿ ಯಾರದೋ ಮನೆಯ ಪೆಟ್ಟಿಗೆ ತೆರೆಯುವವರೆಗೆ ಜಗಲಿಯಲ್ಲಿ ಕಾಯುವುದು ತಪ್ಪಿತು. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಫ್ರೂಟ್ಸ್‌ನಲ್ಲಿ ಒಂದು ಸಲ ನೋಂದಾಯಿಸಿದರೆ ಪ್ರತಿ ಯೋಜನೆಗೂ ದಾಖಲೆ ಹೊತ್ತು ತಿರುಗುವುದು ಕಡಿಮೆ. ಇದೆಲ್ಲ ಒಳ್ಳೆಯದೇ. ಗ್ರಾಮ ಆಡಳಿತ ಅಧಿಕಾರಿಗಳ ಮೇಲೂ ನಮಗೆ ಸಿಟ್ಟಿಲ್ಲ. ಒಬ್ಬೊಬ್ಬರು ಹಲವು ಊರು ನೋಡಿಕೊಳ್ಳಬೇಕು, ದಿನಕ್ಕೊಂದು ಆ್ಯಪ್. ಪಟ್ಟಿ ಜೋಡಿಸುವವರು ಬೆಂಗಳೂರಿನಲ್ಲಿ, ಬೈಸಿಕೊಳ್ಳುವವರು ಇಲ್ಲಿ.

ಆದರೆ "ಇದೆಲ್ಲ ತಾಂತ್ರಿಕ ವಿಷಯ, ಹಳ್ಳಿಯವರಿಗೆ ಅರ್ಥವಾಗಲ್ಲ" ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ನಮ್ಮ ನಕ್ಷೆಯ ತಪ್ಪು ಹಿಡಿದದ್ದು ಯಾವ ಎಂಜಿನಿಯರ್ ಅಲ್ಲ, ಶಿವನಿ ಕಡೆಯ ಓದುಗರು. ಊರಿನವರಿಗೆ ತೋರಿಸಿದ್ದರೆ ಹಿಡಿಯಬಹುದಾದ ತಪ್ಪನ್ನು ದುಡ್ಡು ಹಂಚಿದ ಮೇಲೆ ಹಿಡಿಯುವುದು ಎಂಥ ನ್ಯಾಯ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಅಂಥ ವರ್ಷ ಮತ್ತೆ ಬರುತ್ತದೆ. ಅದಕ್ಕೆ ಮುಂಚೆ ಆಗಬೇಕಾದ್ದು ಇಷ್ಟು:

ಒಂದು, ಹಳ್ಳಿಗೆ ಸಂಬಂಧಿಸಿದ ಯಾವ ಸರ್ಕಾರಿ ಪಟ್ಟಿಯೇ ಆಗಲಿ, ಹೆಸರಿನ ಜೊತೆ ಊರಿನ ಕೋಡ್ ಇರಲೇಬೇಕು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಡೈರೆಕ್ಟರಿಯಲ್ಲಿ ಕೋಡ್ ಈಗಾಗಲೇ ಇದೆ. ಹೊಸದಾಗಿ ಕಂಡುಹಿಡಿಯುವುದೇನೂ ಇಲ್ಲ.

ಎರಡು, ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ. ಚುಕ್ಕೆಯ ಆಟ ಬೇಡ.

ಮೂರು, ನಕ್ಷೆ ಯಾವ ವರ್ಷದ ಗಡಿ ಅಂತ ಅದರ ಮೇಲೇ ಬರೆಯಬೇಕು. 2018ಕ್ಕೆ ಮುಂಚಿನದೋ, ನಂತರದ್ದೋ ತಿಳಿಯಬೇಕು.

ನಾಲ್ಕು, ಇದು ಎಲ್ಲಕ್ಕಿಂತ ಮುಖ್ಯ. ಜೋಡಣೆಯಲ್ಲಿ ಹೊಂದಿಕೆಯಾಗದೆ ಉಳಿದ ಊರು, ಸರ್ವೆ ನಂಬರ್‌ಗಳ ಪಟ್ಟಿಯನ್ನು ಹಣ ಬಿಡುಗಡೆಗೆ ಮುಂಚೆ ಗ್ರಾಮ ಪಂಚಾಯಿತಿ ಬೋರ್ಡಿಗೆ ಅಂಟಿಸಬೇಕು. ಜೋಡಣೆ ಮಾಡುವ ಸಾಫ್ಟ್‌ವೇರ್‌ನಿಂದ ಆ ಪಟ್ಟಿಯನ್ನು ತೆಗೆಯುವುದು ಕಷ್ಟವಲ್ಲ. ಉಚಿತವಾಗಿ ಸಿಗುವ ಕ್ಯೂಜಿಐಎಸ್‌ನಲ್ಲಿ ನಾವೇ ತೆಗೆದಿದ್ದೇವೆ. ಅದನ್ನು ಮುಚ್ಚಿಡುವುದಕ್ಕೆ ತಾಂತ್ರಿಕ ಕಾರಣ ಯಾವುದೂ ಇಲ್ಲ.

ಇದಕ್ಕೆ ನೀವು ಮಾಡಬಹುದಾದ್ದೂ ಇದೆ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 2(ಜೆ) ಪ್ರಕಾರ ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಅದೇ ರೂಪದಲ್ಲಿ ಕೇಳುವ ಹಕ್ಕು ನಿಮಗಿದೆ. ಶುಲ್ಕ 10 ರೂಪಾಯಿ, ಅರ್ಜಿ 150 ಪದದೊಳಗೆ, ಒಂದೇ ವಿಷಯ. ‘ನಮ್ಮ ಪಂಚಾಯಿತಿಯಲ್ಲಿ ಹೊಂದಾಣಿಕೆಯಾಗದ ಸರ್ವೆ ನಂಬರ್‌ಗಳ ಪಟ್ಟಿಯನ್ನು ಎಕ್ಸೆಲ್ ರೂಪದಲ್ಲಿ ಕೊಡಿ’ ಅಂತ ಬರೆಯಿರಿ. ಗ್ರಾಮಸಭೆಯಲ್ಲೂ ಇದನ್ನೇ ಕೇಳಿ. ಪಟ್ಟಿ ಸಿಕ್ಕಿದರೆ ನಮಗೆ ಕಳಿಸಿ, ಕೂತು ಓದಲು ನಾವಿದ್ದೇವೆ.

ಮುಂದಿನ ಸಲ ಕಿಟಕಿಯ ಆಚೆಯಿಂದ "ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ" ಅಂದರೆ ಹಿಂತಿರುಗಬೇಡಿ. "ಯಾವ ಪಟ್ಟಿಗೂ ಯಾವ ಪಟ್ಟಿಗೂ ಹೊಂದುತ್ತಿಲ್ಲ ಸ್ವಾಮಿ, ಅದನ್ನು ಬರೆದು ಕೊಡಿ" ಅಂತ ಕೇಳಿ, ಬರೆದು ಕೊಡುವವರೆಗೆ ಅಲ್ಲೇ ನಿಲ್ಲಿ.